ಮರದ ತಾಯಿಗೆ ಎಂಜಲು

ಮೊದಲೇ ಹೇಳಿಬಿಡುತ್ತೇನೆ, ನನ್ನ ಗಂಡ ಕುಡಿಯುತ್ತಿರಲಿಲ್ಲ. ಲಿವರ್ ಕೆಟ್ಟಿದೆ ಎಂದ ತಕ್ಷಣ ಹ್ಯೂಸ್ಟನ್ ಪಕ್ಕದ ನಮ್ಮ ಕೇಟಿ ಊರಿನ ಕನ್ನಡದವರೆಲ್ಲ ಹುಬ್ಬು ಏರಿಸಿದ್ದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಸಾರು, ಪಲ್ಯದ ಡಬ್ಬಿ ಹಿಡಿದು ಬಂದ ಹೆಂಗಸರು ಸೋಫಾದ ತುದಿಯಲ್ಲಿ ಕೂತು, "ಸೋಶಿಯಲ್ ಆಗಿ ಏನಾದ್ರೂ ತಗೋತಿದ್ರಾ?" ಎಂದು ಮೆಲ್ಲಗೆ ಕೇಳುತ್ತಿದ್ದರು. ಡಬ್ಬಿ ಇಟ್ಟುಕೊಂಡು ಅವರನ್ನು ಆಚೆ ದಬ್ಬಬೇಕು ಅನ್ನಿಸುತ್ತಿತ್ತು. ನನ್ನ ಗಂಡನ ಮೈಯೇ ತನ್ನ ಲಿವರನ್ನು ಶತ್ರು ಅಂದುಕೊಂಡು ತಿನ್ನುತ್ತಿತ್ತು, ಅಷ್ಟೆ. ಅದಕ್ಕೊಂದು ಉದ್ದನೆಯ ಹೆಸರಿದೆ. ಹೇಳಿದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಕುಡಿತ ಎಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು.

ಗೊತ್ತಾಗುವಷ್ಟರಲ್ಲಿ ಕಾಯಿಲೆ ಬಹಳ ಮುಂದೆ ಹೋಗಿತ್ತು. ಬೇರೆ ಲಿವರ್ ಹಾಕಬೇಕು, ಅದು ಬಿಟ್ಟರೆ ದಾರಿಯಿಲ್ಲ ಎಂದು ಹ್ಯೂಸ್ಟನ್ನಿನ ಡಾಕ್ಟರು ಹೇಳಿದರು. ಬದುಕಿರುವವರೂ ಲಿವರಿನ ಒಂದು ಭಾಗ ಕೊಡಬಹುದು ಎಂದು ಗೊತ್ತಾದಾಗ ಡಲ್ಲಾಸ್ ಹತ್ತಿರದ ರಿಚರ್ಡ್‌ಸನ್‌ನಲ್ಲಿ ಓದುತ್ತಿದ್ದ ಮಗಳು ಅದೇ ದಿನ ಬಸ್ಸು ಹತ್ತಿ ಬಂದಳು. ಅವಳ ರಕ್ತದ ಗುಂಪು ಹೊಂದಲಿಲ್ಲ. ನನ್ನದು ಹೊಂದಿತು, ಆದರೆ ಲಿವರಿನಲ್ಲಿ ಕೊಬ್ಬು ಜಾಸ್ತಿ ಎಂದು ಬೇಡವೆಂದರು. ಜೀವಮಾನದಲ್ಲಿ ತಿಂದ ಒಂದೊಂದು ಬೋಂಡಾವನ್ನೂ ನೆನೆಸಿಕೊಂಡು ಶಾಪ ಹಾಕಿದೆ. ಇನ್ನು ಉಳಿದದ್ದು, ಯಾರಾದರೂ ಸತ್ತು ಅವರ ಲಿವರ್ ಬರುವುದನ್ನು ಕಾಯುವುದು.

ಕಾಯುವುದಕ್ಕೂ ಒಂದು ಲೆಕ್ಕವಿದೆ. ರಕ್ತ ಪರೀಕ್ಷೆ ಮಾಡಿ ಅಂಕ ಕೊಡುತ್ತಾರೆ. ಸಾವಿಗೆ ಹತ್ತಿರವಾದಷ್ಟೂ ಅಂಕ ಏರುತ್ತದೆ, ಅಂಕ ಏರಿದಷ್ಟೂ ಲಿವರ್ ಹತ್ತಿರವಾಗುತ್ತದೆ. ಆದರೆ ತೀರಾ ಹದಗೆಟ್ಟರೆ ಆಪರೇಷನ್ ತಡೆಯಲಾರರು ಎಂದು ಸಾಲಿನಿಂದಲೇ ತೆಗೆದುಬಿಡುತ್ತಾರೆ. ಅಂದರೆ ಕಾಯಿಲೆ ಜಾಸ್ತಿಯಾಗಲಿ ಎಂದು ಬೇಡಿಕೊಳ್ಳಬೇಕು, ತುಂಬಾ ಜಾಸ್ತಿಯಾಗದಿರಲಿ ಎಂದೂ ಬೇಡಿಕೊಳ್ಳಬೇಕು. ಶಾಲೆಯಿಂದ ಹಿಡಿದು ತೈಲ ಕಂಪನಿಯ ಕೆಲಸದವರೆಗೆ ಎಲ್ಲದರಲ್ಲೂ ಮುಂದಿದ್ದ ನನ್ನ ಗಂಡ, "ಇದೊಂದ್ರಲ್ಲಿ ಫಸ್ಟ್ ಕ್ಲಾಸ್ ಸಾಕು ಕಣೇ, ರ‍್ಯಾಂಕ್ ಬೇಡ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಆ ದಿನಗಳಲ್ಲಿ ನನ್ನನ್ನು ಹುಚ್ಚಿಯಾಗದಂತೆ ಹಿಡಿದಿಟ್ಟದ್ದು ಕೆಲಸ. ಹಳೆಯ ಮರದ ವಿಗ್ರಹಗಳನ್ನು ಸರಿಮಾಡುವುದು ನನ್ನ ಕಸುಬು. ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಮಗಳು ಶಾಲೆಗೆ ಸೇರಿದ ಮೇಲೆ ಮತ್ತೆ ಓದಿ ಕಲಿತದ್ದು. ಹ್ಯೂಸ್ಟನ್ ಊರೊಳಗಿನ ಒಂದು ಸಣ್ಣ ಸ್ಟುಡಿಯೋದಲ್ಲಿ ನಾನು ಮತ್ತು ಅದನ್ನು ನಡೆಸುವ ಹಿರಿಯ ಅಮೆರಿಕನ್ ಹೆಂಗಸು, ಇಬ್ಬರೇ. ನಾನು ಕಣ್ಣು ಕೆಂಪಗೆ ಮಾಡಿಕೊಂಡು ಹೋದ ದಿನ ಆಕೆ ಏನೂ ಕೇಳುತ್ತಿರಲಿಲ್ಲ, ಕಾಫಿ ಮಾಡಿ ಮೇಜಿನ ದೂರದ ತುದಿಯಲ್ಲಿಡುತ್ತಿದ್ದಳು. ವಿಗ್ರಹದ ಹತ್ತಿರ ಕಾಫಿ ತರಬಾರದು ಎಂಬ ನಿಯಮವನ್ನು ಆಗಲೂ ಬಿಡುತ್ತಿರಲಿಲ್ಲ.

ಆಗ ನಮ್ಮಲ್ಲಿ ಇದ್ದದ್ದು ಆಸ್ಟಿನ್ನಿನ ಒಂದು ಮ್ಯೂಸಿಯಮ್ಮಿನಿಂದ ಬಂದ ವಿಗ್ರಹ. ಐನೂರು ವರ್ಷಕ್ಕೂ ಹಿಂದೆ ಜರ್ಮನಿಯ ಚರ್ಚುಗಳಲ್ಲಿ ಬಲಿಪೀಠದ ಹಿಂದೆ ದೊಡ್ಡ ಮರದ ಮಂಟಪ ನಿಲ್ಲಿಸುತ್ತಿದ್ದರು. ಎರಡು ಬಾಗಿಲಿನ ಬೀರುವಿನಂತಿರುತ್ತದೆ. ಮಾಮೂಲು ದಿನಗಳಲ್ಲಿ ಬಾಗಿಲು ಮುಚ್ಚಿರುತ್ತದೆ, ಹೊರಮೈಯ ಮಂಕು ಚಿತ್ರಗಳು ಮಾತ್ರ ಕಾಣುತ್ತವೆ. ಹಬ್ಬದ ದಿನ ತೆರೆದರೆ ಒಳಗೆಲ್ಲ ಚಿನ್ನ, ಕೆತ್ತನೆ, ಬಣ್ಣ. ನಮ್ಮ ದೇವಸ್ಥಾನದಲ್ಲಿ ಅಲಂಕಾರ ಮುಗಿಯುವ ತನಕ ತೆರೆ ಎಳೆದು, ಆಮೇಲೆ ಗಂಟೆ ಬಾರಿಸಿ ಸರಿಸುವುದಿಲ್ಲವೇ, ಹಾಗೆ. ಬಾಗಿಲುಗಳು ಆಸ್ಟಿನ್ನಿನಲ್ಲೇ ಉಳಿದಿದ್ದವು. ನನ್ನ ಪಾಲಿಗೆ ಬಂದದ್ದು ಮಂಟಪದ ನಡುವಿನಲ್ಲಿ ಕೂರುವ ಮೇರಿ. ಶಿಲುಬೆಯಿಂದ ಇಳಿಸಿದ ಮಗನನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದಾಳೆ. ಬೆಳೆದ ಮಗ, ಮಡಿಲಲ್ಲಿ ಹಿಡಿಸುವುದಿಲ್ಲ. ಕಾಲು ಒಂದು ಕಡೆ ಜೋತಿದೆ, ತಲೆ ಇನ್ನೊಂದು ಕಡೆ. ಬಾಯಿ ಸ್ವಲ್ಪ ತೆರೆದು ಹಲ್ಲು ಕಾಣುತ್ತದೆ.

ಮುಂದಿನಿಂದ ನೋಡಿದರೆ ಅವಳ ಬಟ್ಟೆಯ ಒಂದೊಂದು ನೆರಿಗೆಯೂ ನಿಜ. ಹಿಂದಕ್ಕೆ ಹೋದರೆ ಬೆನ್ನೇ ಇಲ್ಲ, ಟೊಳ್ಳು. ಮರ ಒಣಗುವಾಗ ಬಿರಿಯದಿರಲಿ ಎಂದು ಒಳಗಿನ ತಿರುಳನ್ನೆಲ್ಲ ಹಿಂದಿನಿಂದ ತೋಡಿ ತೆಗೆಯುತ್ತಿದ್ದರು. ಮುಂಭಾಗಕ್ಕೆ ಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದು, ಅದರ ಮೇಲೆ ಬಣ್ಣ. ಆ ಬಣ್ಣ ಹಕ್ಕಳೆ ಎದ್ದಿರುತ್ತದೆ. ಮೀನಿನ ಗಾಳಿಚೀಲದಿಂದ ಮಾಡಿದ ಅಂಟನ್ನು ಬೆಚ್ಚಗೆ ಮಾಡಿ, ಸಣ್ಣ ಕುಂಚದಿಂದ ಒಂದೊಂದೇ ಹಕ್ಕಳೆಯ ಕೆಳಗೆ ಬಿಟ್ಟು ಕೂರಿಸಬೇಕು. ಅದಾದ ಮೇಲೆ ಕೊಳೆ ತೆಗೆಯುವುದು.

ಕೊಳೆ ತೆಗೆಯುವುದು ಎಂಜಲಿನಿಂದ. ಕೇಳಿದವರು ಮುಖ ಕಿವುಚುತ್ತಾರೆ, ಆದರೆ ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುವುದೇ ಅದು. ಮೇಣದಬತ್ತಿಯ ಮಸಿ, ಜಿಡ್ಡು, ಕಾಲಕಾಲದ ಧೂಳನ್ನು ಬಿಡಿಸಲು ಮನುಷ್ಯರ ಬಾಯಿನೀರಿನಷ್ಟು ಮೆದುವಾದದ್ದು ಸಿಗುವುದು ಕಷ್ಟ. ಬೆಚ್ಚಗಿರುತ್ತದೆ, ಜಿಡ್ಡನ್ನು ಕರಗಿಸುತ್ತದೆ, ಕೆಳಗಿನ ಬಣ್ಣವನ್ನು ನೋಯಿಸುವುದಿಲ್ಲ. ಬಿದಿರುಕಡ್ಡಿಯ ತುದಿಗೆ ಹತ್ತಿ ಸುತ್ತಿ, ನಾಲಿಗೆಯ ಮೇಲೆ ಒದ್ದೆ ಮಾಡಿ, ಉಜ್ಜದೆ ಮೆಲ್ಲಗೆ ಉರುಳಿಸಬೇಕು. ಕಪ್ಪಾದ ಹತ್ತಿಯನ್ನು ಬಿಸಾಡಿ ಹೊಸದು ಸುತ್ತಬೇಕು, ಹಳೆಯ ಬಣ್ಣದಲ್ಲಿ ವಿಷ ಇರುತ್ತದೆ. ಕೊನೆಗೆ ಶುದ್ಧ ನೀರಿನ ಹತ್ತಿ. ಹೀಗೆ ದಿನಕ್ಕೆ ಒಂದು ಅಂಗೈಯಗಲದ ಜಾಗ ಬೆಳ್ಳಗಾದರೆ ಒಳ್ಳೆಯ ದಿನ.

ಮನೆಯಲ್ಲಿ ಅತ್ತೆಯವರಿದ್ದರು. ಮಗನಿಗೆ ಕಾಯಿಲೆ ಎಂದು ಕೇಳಿ ಮೈಸೂರಿನಿಂದ ಬಂದವರು ವಾಪಸ್ಸು ಹೋಗುವ ಮಾತೇ ಎತ್ತಿರಲಿಲ್ಲ. ಮಡಿಯ ಹೆಂಗಸು, ಬಾಯಿಯೂ ಜೋರು, ನನ್ನಷ್ಟೇ. ನಾನು ಮೀನಿನ ಅಂಟು ಮುಟ್ಟುತ್ತೇನೆ ಎಂದು ಗೊತ್ತಾದ ದಿನದಿಂದ ಗರಾಜಿನಲ್ಲೇ ಕೈಕಾಲು ತೊಳೆದು ಬಟ್ಟೆ ಬದಲಾಯಿಸಿದರೆ ಮಾತ್ರ ನನಗೆ ಅಡಿಗೆಮನೆ. ಇದನ್ನೆಲ್ಲ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ನನ್ನ ಗಂಡ, ನಾನು ಹತ್ತಿರ ಹೋದ ಕೂಡಲೇ ಕೇಳುತ್ತಿದ್ದರು: "ನಿನ್ನ ಎರಡನೇ ಅತ್ತೆ ಹೇಗಿದ್ದಾರೆ?"

"ಮೊದಲನೆಯವರಿಗಿಂತ ವಾಸಿ ರೀ. ಬಾಯಿ ಬಿಡಲ್ಲ."

"ಮಗ?"

"ಅವನ ಕೈ ಕ್ಲೀನ್ ಆಯ್ತು. ಎದೆ ನಡೀತಿದೆ."

ಅವನ ಮೈಮೇಲೆ ಯಾರೋ ಯಾವ ಕಾಲದಲ್ಲೋ ಬಳಿದಿದ್ದ ವಾರ್ನಿಶ್ ಹಳದಿಗಟ್ಟಿತ್ತು. ಅದಕ್ಕೆ ಬಾಯಿನೀರು ಸಾಲದು, ಬೇರೆ ದ್ರಾವಣ ಬೇಕು. ಇಡೀ ದಿನ ಅವನ ಹಳದಿ ಬಿಡಿಸಿ ಮನೆಗೆ ಬಂದರೆ ನನ್ನ ಗಂಡನ ಕಣ್ಣು, ಕೆನ್ನೆ, ಅಂಗೈ ಎಲ್ಲ ಹಿಂದಿನ ದಿನಕ್ಕಿಂತ ಹಳದಿ. ಹೊಟ್ಟೆಯಲ್ಲಿ ನೀರು ತುಂಬಿ ಬಿಗಿಯುತ್ತಿತ್ತು. ಕೈಕಾಲು ಮಾತ್ರ ಕಡ್ಡಿಯಾಗುತ್ತಿದ್ದವು. ನನಗೆ ಗೊತ್ತಿದ್ದ ವಿದ್ಯೆಯೆಲ್ಲ ಮರಕ್ಕೆ ಆಗುತ್ತಿತ್ತು, ಇವರಿಗೆ ಒಂದೂ ಆಗುತ್ತಿರಲಿಲ್ಲ.

ಮ್ಯೂಸಿಯಮ್ಮಿನವರು ಒಂದು ದಿನ ಬಂದು ನಾನು ಕೆಲಸ ಮಾಡುವುದನ್ನು ವಿಡಿಯೋ ಮಾಡಿಕೊಂಡು ಹೋಗಿ, ತಮ್ಮ ಸೈಟಿನಲ್ಲಿ ಹಾಕಿದರು. ಮಗಳು ಅದನ್ನು ಅಜ್ಜಿಯ ಐಪ್ಯಾಡಿಗೆ ಕಳಿಸಿದಳು. ಅತ್ತೆಗೆ ಒಳಗೊಳಗೇ ಹೆಮ್ಮೆ. ಉಪ್ಪಿಲ್ಲದ ಅಡಿಗೆ ಮಾಡಿ ತಂದಿದ್ದ ಒಬ್ಬ ಹೆಂಗಸನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನಮ್ಮ ಸೊಸೆ, ನೋಡಿ" ಎಂದು ತೋರಿಸುತ್ತಿದ್ದರು. ನಾನು ಅಡಿಗೆಮನೆಯಲ್ಲಿದ್ದೆ. ಇದ್ದಕ್ಕಿದ್ದಂತೆ ಮಾತು ನಿಂತಿತು.

"ಬಾಯಿಗೆ ಇಟ್ಕೊಂಡಿದ್ದೇನೇ ಅದು?"

"ಹತ್ತಿ, ಅತ್ತೆ."

"ಆಮೇಲೆ ಅದನ್ನ ಎಲ್ಲಿಗೆ ಇಟ್ಟೆ?"

ವಿಡಿಯೋದಲ್ಲಿ ಉತ್ತರ ಓಡುತ್ತಲೇ ಇತ್ತು. ನಾಲಿಗೆಯ ಮೇಲಿಂದ ಹತ್ತಿ ನೇರವಾಗಿ ಮೇರಿಯ ಕೆನ್ನೆಗೆ ಹೋಗುತ್ತಿತ್ತು, ಅದೂ ಹತ್ತಿರದಿಂದ ತೆಗೆದದ್ದು. ಬಂದಿದ್ದ ಹೆಂಗಸು, "ಬರ್ತೀನಿ ಆಂಟಿ, ಟ್ರಾಫಿಕ್ ಶುರುವಾಗತ್ತೆ" ಎಂದು ಚಪ್ಪಲಿ ಮೆಟ್ಟಿಕೊಂಡಳು.

"ದೇವರ ಮುಖಕ್ಕೆ ಎಂಜಲು!" ಅತ್ತೆ ಐಪ್ಯಾಡನ್ನು ಬೋರಲು ಹಾಕಿದರು. "ದೇವರಿಗೆ ಮುಡಿಸೋ ಹೂವನ್ನ ನಾವು ಮೂಸಿ ಕೂಡ ನೋಡಲ್ಲ ಕಣೇ."

"ಅದು ದೇವರಲ್ಲ ಅತ್ತೆ, ಮ್ಯೂಸಿಯಂ ವಸ್ತು. ಪೂಜೆ ನಿಂತು ಎಷ್ಟು ಕಾಲ ಆಯ್ತೋ."

"ಯಾರಾದ್ರೂ ಒಬ್ಬರು ನಂಬಿ ಒಂದ್ಸಲ ಕೈ ಮುಗಿದಿದ್ರೆ ಮುಗೀತು. ಯಾರ ದೇವರಾದ್ರೇನು, ತಾಯಿ ತಾನೆ? ನನ್ನ ಮಗನಿಗೆ ಯಾಕೆ ಹೀಗಾಯ್ತಪ್ಪಾ ಅಂತ ದಿನಾ ತಲೆ ಚಚ್ಕೋತಿದ್ದೆ."

ನನಗೆ ಸಿಟ್ಟು ನೆತ್ತಿಗೇರಿತು. "ಕಾಯಿಲೆ ಮೊದಲು ಬಂದಿದ್ದು, ಈ ವಿಗ್ರಹ ಆಮೇಲೆ ಬಂದಿದ್ದು. ಅಷ್ಟೂ ಗೊತ್ತಾಗಲ್ವಾ?"

"ಹಾಗಾದ್ರೆ ಲಿವರ್ ಯಾಕೆ ಸಿಗ್ತಿಲ್ಲ, ಹೇಳು."

ರೂಮಿನಿಂದ ನನ್ನ ಗಂಡ, "ಇಬ್ರೂ ಸ್ವಲ್ಪ ಸುಮ್ನಿರ್ತೀರಾ?" ಎಂದರು. ಆ ದನಿ ಎಷ್ಟು ಸಣ್ಣದಾಗಿತ್ತೆಂದರೆ ಇಬ್ಬರೂ ಒಟ್ಟಿಗೇ ಬಾಯಿ ಮುಚ್ಚಿದೆವು. ಅತ್ತೆ ಅಂದಿನಿಂದ ಒಪ್ಪೊತ್ತು ಶುರುಮಾಡಿದರು. ನನ್ನ ಪರವಾಗಿಯೂ ಸೇರಿಸಿ ಎಂದು ಆಮೇಲೆ ತಿಳಿಯಿತು.

ಅದಾದ ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ, ಆಸ್ಪತ್ರೆಯಿಂದ ಫೋನ್ ಬಂತು. ಲಿವರ್ ಇದೆ, ಕೂಡಲೇ ಬನ್ನಿ. ಅತ್ತೆ ತುಪ್ಪದ ದೀಪ ಹಚ್ಚಿ ಕಾರು ಹತ್ತಿದರು. ನಾನು ಚಪ್ಪಲಿ ಅದಲುಬದಲು ಹಾಕಿಕೊಂಡು ಡ್ರೈವ್ ಮಾಡಿದೆ. ಮಗಳು ಸಿಕ್ಕ ಬಸ್ಸು ಹತ್ತಿ ರಿಚರ್ಡ್‌ಸನ್‌ನಿಂದ ಹೊರಟಳು. ಇವರಿಗೆ ಗೌನ್ ಹಾಕಿದರು, ಹೊಟ್ಟೆ ಶೇವ್ ಮಾಡಿದರು, ಸೂಜಿ ಚುಚ್ಚಿದರು. ನಾವು ಕಣ್ಣಲ್ಲಿ ಕಣ್ಣಿಟ್ಟುಕೊಂಡು ಕೂತೆವು. ಕೊನೆಗೆ ಡಾಕ್ಟರು ಬಂದು ಮಂಚದ ಅಂಚಿನಲ್ಲಿ ಕೂತರು. ಬಂದ ಲಿವರನ್ನು ಬಿಚ್ಚಿ ನೋಡಿದರೆ ಚೆನ್ನಾಗಿಲ್ಲವಂತೆ, ಹಾಕಿದರೆ ಅಪಾಯವಂತೆ, ಹೀಗೆ ಆಗುವುದುಂಟಂತೆ. ಸೂಜಿ ತೆಗೆದು ಮನೆಗೆ ಕಳಿಸಿದರು. ಐ-ಟೆನ್ ಹೆದ್ದಾರಿಯಲ್ಲಿ ವಾಪಸ್ಸು ಬರುವಾಗ ಇವರಿಗೆಂದು ಒಯ್ದಿದ್ದ ಬಟ್ಟೆಯ ಪ್ಲಾಸ್ಟಿಕ್ ಚೀಲ ನನ್ನ ಕಾಲ ಹತ್ತಿರವಿತ್ತು. ಮಗಳು ಕಾರು ಓಡಿಸುತ್ತ, "ಇಟ್ಸ್ ಓಕೆ ಅಜ್ಜಿ, ನೆಕ್ಸ್ಟ್ ಒನ್ ವಿಲ್ ಬಿ ಗುಡ್" ಎಂದು ಹೇಳುತ್ತಲೇ ಇದ್ದಳು. ಹಿಂದೆ ಇವರ ಪಕ್ಕ ಅತ್ತೆ ಕೂತಿದ್ದರು. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಮೇಜಿನ ಮುಂದೆ ಕೂತು ಹತ್ತಿಯನ್ನು ನಾಲಿಗೆಯ ಮೇಲಿಟ್ಟೆ. ಒದ್ದೆಯಾಗಲಿಲ್ಲ. ನೀರು ಕುಡಿದು ಮತ್ತೆ ಇಟ್ಟೆ. ಆಗಲೂ ಇಲ್ಲ. ಭಯಕ್ಕೆ ಬಾಯಿ ಒಣಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ನನಗೆ ನಿಜವಾಗಿ ಆದದ್ದು ಆಗಲೇ. ಸ್ಟುಡಿಯೋದ ಯಜಮಾನಿ ನೋಡಿ, ಅಂಗಡಿಯಲ್ಲಿ ಸಿಗುವ ಬದಲಿ ದ್ರಾವಣ ತರಿಸುತ್ತೇನೆ, ಬೇಕಾದರೆ ಮನೆಗೆ ಹೋಗು ಎಂದಳು. ಮನೆಗೆ ಹೋಗಿ ಏನು ಮಾಡಲಿ? ಹೋಗಲಿಲ್ಲ. ಒಣಹತ್ತಿ ಹಿಡಿದುಕೊಂಡು ವಿಗ್ರಹದೆದುರು ಸುಮ್ಮನೆ ಕೂತೆ. ಅಷ್ಟು ಹೊತ್ತಿಗೆ ಮೇರಿಯ ಮುಖ ಪೂರ್ತಿ ಆಗಿತ್ತು. ಮಸಿಯ ಕೆಳಗಿಂದ ಕಣ್ಣೀರು ಬಂದಿತ್ತು, ಹೊಳೆಯುವ ಬಣ್ಣದಲ್ಲಿ ಬರೆದ ಹನಿಗಳು. ಉಳಿದದ್ದು ಮಗನ ಮುಖವೊಂದೇ. ಅದನ್ನು ನಾನು ಏನೇನೋ ನೆಪ ಮಾಡಿಕೊಂಡು ಮುಂದಕ್ಕೆ ಹಾಕುತ್ತಿದ್ದೆ. ಹಕ್ಕಳೆಗಳನ್ನು ಕೂರಿಸಿ ಮುಗಿಸಿದ್ದರೂ ಕಪ್ಪು ಮಸಿಯನ್ನು ಹಾಗೇ ಬಿಟ್ಟಿದ್ದೆ.

ಇವರಿಗೆ ಅರಳುಮರಳು ಶುರುವಾಯಿತು. ಲಿವರ್ ಶುದ್ಧಮಾಡದ ರಕ್ತ ಮಿದುಳಿಗೆ ಹೋದರೆ ಹಾಗಾಗುತ್ತದಂತೆ. ಟಿವಿಯ ರಿಮೋಟನ್ನು ಫ್ರಿಜ್ಜಿನಲ್ಲಿಟ್ಟರು. ಮಗಳು ಫೋನ್ ಮಾಡಿದಾಗ ಯಾರು ಎಂದು ಕೇಳಿದರು. ಒಂದು ಸಂಜೆ ಬಾಗಿಲ ಹತ್ತಿರ ಷರಟಿನ ಗುಂಡಿಯೆಲ್ಲ ಹಾಕಿಕೊಂಡು ನಿಂತು, "ನಂಜನಗೂಡಿನ ಬಸ್ಸು ಹೋಗ್ಬಿಡ್ತಾ?" ಎಂದರು. ಅತ್ತೆ ಮಗನ ಕೈ ಹಿಡಿದು, "ಇಲ್ಲ ಕಣಪ್ಪ, ಇನ್ನೊಂದಿದೆ, ಕೂತ್ಕೋ" ಎಂದು ಸೋಫಾದಲ್ಲಿ ಕೂರಿಸಿದರು. ಮರುದಿನವೇ ಆಸ್ಪತ್ರೆಗೆ ಸೇರಿಸಿದೆವು. ಅಂಕ ಏರಿತ್ತು. ಇನ್ನು ಸ್ವಲ್ಪ ಏರಿದರೆ ಸಾಲಿನಿಂದ ತೆಗೆಯುವ ಮಾತು ಬರಬಹುದು ಎಂದು ಡಾಕ್ಟರು ಸುತ್ತಿಬಳಸಿ ಹೇಳಿದರು.

ಆಗ ನಾನು ಸೋತೆ. ನಂಬಿಕೆ ಬಂತು ಅಂತಲ್ಲ. ಆ ಹೊತ್ತಿನಲ್ಲಿ ಯಾರಾದರೂ ಐ-ಟೆನ್ ರಸ್ತೆಯ ಮೇಲೆ ಉರುಳುಸೇವೆ ಮಾಡು ಎಂದಿದ್ದರೂ ಮಾಡುತ್ತಿದ್ದೆ. "ಅತ್ತೆ, ಏನು ಮಾಡಬೇಕು ಹೇಳಿ" ಎಂದೆ. ಅವರು ಗೆದ್ದ ಮುಖ ಮಾಡಲಿಲ್ಲ. "ತಪ್ಪುಕಾಣಿಕೆ ಇಡೋಣ. ನನ್ನನ್ನ ಅವಳ ಹತ್ರ ಕರ್ಕೊಂಡು ಹೋಗು. ನೀನು ಕೇಳಿದ್ರೆ ಒರಟಾಗಿ ಕೇಳ್ತೀಯ, ನಾನೇ ಕೇಳ್ತೀನಿ" ಎಂದರು.

ಯಜಮಾನಿಗೆ ನನ್ನ ಅತ್ತೆ ವಿಗ್ರಹ ನೋಡ್ಬೇಕಂತೆ ಎಂದಷ್ಟೇ ಹೇಳಿದೆ. ಶನಿವಾರ ಬೆಳಿಗ್ಗೆ ಆಕೆಯೇ ಬಂದು ಬಾಗಿಲು ತೆರೆದಳು. ಅತ್ತೆ ತಲೆಗೆ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು, ಅರಿಶಿನ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿಕೊಂಡು ಬಂದಿದ್ದರು. ವಿಡಿಯೋದಲ್ಲಿ ಅವರು ನೋಡಿದ್ದು ಮೇರಿಯ ಮುಖ ಮಾತ್ರ. ಸಿಂಹಾಸನದ ಮೇಲೆ ಕೂತ ಯಾವುದೋ ಅಮ್ಮನವರು ಎಂದುಕೊಂಡಿದ್ದರು. ನಾನೂ ಬಿಡಿಸಿ ಹೇಳಿರಲಿಲ್ಲ. ಮಗ ಆಸ್ಪತ್ರೆಯಲ್ಲಿ ಮಲಗಿರುವಾಗ ಅದನ್ನು ಹೇಗೆ ಹೇಳಲಿ?

ಮೇಜಿನ ಮೇಲಿನ ಬಿಳಿ ಬಟ್ಟೆ ಸರಿಸಿದೆ.

ಅತ್ತೆ ಕೈ ಮುಗಿಯಲು ಎತ್ತಿದವರು ಹಾಗೇ ನಿಂತುಬಿಟ್ಟರು. ಜೋತ ಕಾಲು, ತೆರೆದ ಬಾಯಿ, ಪಕ್ಕೆಯ ಗಾಯ, ಎಲ್ಲ ನೋಡಿದರು. ಆಮೇಲೆ ಕೇಳಿದರು: "ಮಗನಾ?"

"ಹೂಂ."

"ಹೋಗ್ಬಿಟ್ಟಿದಾನಾ?"

"ಹೂಂ ಅತ್ತೆ."

ಅವರು ಮುಗಿಯದ ಕೈಯನ್ನು ಇಳಿಸಿದರು. "ಇವಳನ್ನ ಏನಂತ ಕೇಳಲಿ? ಇವಳಿಗೇ ಆಗ್ಲಿಲ್ಲ" ಎಂದರು. ನಾಣ್ಯದ ಗಂಟು ಚೀಲದಿಂದ ಹೊರಗೆ ಬರಲೇ ಇಲ್ಲ. ಸುತ್ತ ಒಂದು ಸಲ ನಡೆದು, ಬೆನ್ನ ಹಿಂದಿನ ಟೊಳ್ಳನ್ನು ಬಗ್ಗಿ ನೋಡಿ, ಮತ್ತೆ ಮುಂದೆ ಬಂದರು. ನನ್ನ ಕಡೆ ತಿರುಗಿದಾಗ ಅವರ ದನಿಯಲ್ಲಿ ಹಳೆಯ ಸಿಟ್ಟೇ ಇತ್ತು, ಆದರೆ ಕಾರಣ ಬೇರೆ.

"ಇವಳ ಮುಖ ಇಷ್ಟು ಚೆನ್ನಾಗಿ ತೊಳೆದಿದ್ದೀಯ. ಮಗೂದು ಯಾಕೆ ಕೊಳಕು ಬಿಟ್ಟಿದ್ದೀಯ?"

"ನನ್ನ ಕೈಲಿ ಆಗ್ತಿಲ್ಲ ಅತ್ತೆ" ಎಂದೆ. ಹೇಳಿದ್ದೇ ಅಳು ಒತ್ತರಿಸಿಕೊಂಡು ಬಂತು. ಅವರೆದುರು ಅದುವರೆಗೆ ನಾನು ಅತ್ತಿರಲಿಲ್ಲ, ಹಟ.

ಅತ್ತೆ ಸೆರಗಿನ ತುದಿಯನ್ನು ಬಾಯಿಗಿಟ್ಟು ಒದ್ದೆ ಮಾಡಿಕೊಂಡು ಮಗನ ಕೆನ್ನೆಗೆ ಕೈ ಚಾಚಿದರು. ಮಗು ಊಟ ಮಾಡಿ ಮುಖಕ್ಕೆಲ್ಲ ಮೆತ್ತಿಕೊಂಡು ಬಂದರೆ ನಮ್ಮ ಹೆಂಗಸರು ಯೋಚಿಸದೆ ಮಾಡುವ ಹಾಗೆ. ನಾನು ಅವರ ಮಣಿಕಟ್ಟು ಹಿಡಿದೆ. "ಬೇಡ ಅತ್ತೆ, ಉಜ್ಜಿದ್ರೆ ಬಣ್ಣ ಬರತ್ತೆ. ತಾಳಿ." ಬಿದಿರುಕಡ್ಡಿಗೆ ಹೊಸ ಹತ್ತಿ ಸುತ್ತಿ ಕೊಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ನಾಲಿಗೆಯ ಮೇಲಿಟ್ಟುಕೊಂಡರು. ಅವರ ಕೈಯ ಮೇಲೆ ನನ್ನ ಕೈ ಇಟ್ಟು, ಬಣ್ಣ ಗಟ್ಟಿ ಕೂತಿದ್ದ ಕೆನ್ನೆಯ ಜಾಗದಲ್ಲಿ ಮೆಲ್ಲಗೆ ಉರುಳಿಸಿದೆ. ಹತ್ತಿ ಕಪ್ಪಾಯಿತು. ಕೆಳಗಿಂದ ಒಂದು ಚೂರು ಕೆನ್ನೆ ಬಂತು, ಬೆಳ್ಳಗೆ, ಬಿಳಿಚಿಕೊಂಡು. ಯಜಮಾನಿ ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ಆದರೂ ಆಕೆ ನೋಡಿದ್ದಳೆಂದೇ ನಾನು ಇವತ್ತಿಗೂ ಅಂದುಕೊಂಡಿದ್ದೇನೆ.

ಕಾರಿನಲ್ಲಿ ಅತ್ತೆ ಒಂದೇ ಮಾತು ಹೇಳಿದರು. "ಉಳಿದದ್ದನ್ನೂ ಹಾಗೇ ಮಾಡು. ಅಂಗಡಿಯ ನೀರು ಬೇಡ." ಸೋಮವಾರ ಹತ್ತಿ ನಾಲಿಗೆಯ ಮೇಲೆ ಒದ್ದೆಯಾಯಿತು. ನನ್ನ ಗಂಡನ ಸ್ಥಿತಿ ಮಾತ್ರ ಏನೂ ಬದಲಾಗಲಿಲ್ಲ. ಇನ್ನೂ ಕೆಟ್ಟಿತು. ನನ್ನ ಹೆಸರು ಹಿಡಿದು ಕೂಗುವುದನ್ನು ಬಿಟ್ಟರು, ಆಮೇಲೆ ಕಣ್ಣು ಬಿಡುವುದನ್ನೂ ಬಿಟ್ಟರು. ನಾನು ಬೆಳಿಗ್ಗೆ ಮರದ ಮಗನ ಹಣೆ, ರೆಪ್ಪೆ, ತುಟಿ ಒರೆಸಿ, ಮಧ್ಯಾಹ್ನ ಆಸ್ಪತ್ರೆಗೆ ಹೋಗಿ ಇವರ ತುಟಿಗೆ ನೀರು ಹಚ್ಚುತ್ತಿದ್ದೆ. ಅತ್ತೆ ಮಂಚದ ಪಕ್ಕದಲ್ಲಿ ಜಪಮಣಿ ಹಿಡಿದು ಕೂತಿರುತ್ತಿದ್ದರು. ಲಿವರ್ ಬರಲಿ, ಲಿವರ್ ಬರಲಿ. ಅವರ ತುಟಿ ಆಡುವುದರಲ್ಲೇ ನನಗೆ ಓದಲು ಬರುತ್ತಿತ್ತು.

ಬಂತು. ಊಟದ ಹೊತ್ತಿಗೆ ಡಾಕ್ಟರು ಹೆಚ್ಚುಕಡಿಮೆ ಓಡಿಕೊಂಡೇ ಬಂದರು. ದಾನಿ ಚಿಕ್ಕ ವಯಸ್ಸಿನ ಗಂಡಸು, ಲಿವರ್ ಬಹಳ ಚೆನ್ನಾಗಿದೆ, ಈಗಲೇ ಒಳಗೆ ತಗೊಂಡು ಹೋಗ್ತೀವಿ. ಮಂಚವನ್ನು ತಳ್ಳಿಕೊಂಡು ಹೋದರು. ನಾನು ಅತ್ತೆಯನ್ನು ತಬ್ಬಿಕೊಂಡು, "ಬಂತು ಅತ್ತೆ, ಬಂತು" ಎಂದು ಕೂಗಿದೆ. ಅವರಿಗೆ ಇಂಗ್ಲಿಷ್ ಪೂರ್ತಿ ಹಿಡಿದಿರಲಿಲ್ಲ.

"ಏನಂದ್ರು?"

"ಚೆನ್ನಾಗಿರೋ ಲಿವರ್ ಅಂತೆ. ಹರೆಯದ ಹುಡುಗನದಂತೆ."

ಅತ್ತೆಯ ಮುಖದಲ್ಲಿ ಮೂಡಿದ್ದ ಸಂತೋಷ ಅಲ್ಲೇ ನಿಂತಿತು. "ಯಾರ ಮಗ?"

"ಅದನ್ನ ಹೇಳಲ್ಲ, ನಿಯಮ."

"ಇಲ್ಲೇ ತೀರ್ಕೊಂಡಿದ್ದಾ?"

"ಗೊತ್ತಿಲ್ಲ. ಡಲ್ಲಾಸೋ, ಆಸ್ಟಿನ್ನೋ, ಇದೇ ಬಿಲ್ಡಿಂಗೋ."

ಕಾಯುವ ಕೋಣೆಯಲ್ಲಿ ಬಹಳ ಜನರಿದ್ದರು. ಅತ್ತೆ ಕುರ್ಚಿಯಲ್ಲಿ ಕೂತು ಅಲ್ಲಿದ್ದ ಒಬ್ಬೊಬ್ಬ ಹೆಂಗಸಿನ ಮುಖವನ್ನೂ ನೋಡತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ನಾನು ಜಪಮಣಿಯನ್ನು ತೆಗೆದು ಅವರ ಕೈಗೆ ಕೊಡಹೋದೆ. ತೆಗೆದುಕೊಳ್ಳಲಿಲ್ಲ.

"ಕೈ ಬರ್ತಿಲ್ಲ ಕಣೇ" ಎಂದರು. "ಇಷ್ಟು ದಿನ ನಾನು ಕೂತ್ಕೊಂಡು ಕೇಳಿದ್ದೇನು ಅಂತ ಈಗ ಗೊತ್ತಾಗ್ತಿದೆ."

ನನಗೆ ಅಂಥ ಸಂಕಟವಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಹುಟ್ಟಿದಾರಭ್ಯ ದೇವರ ಮುಂದೆ ನೆಟ್ಟಗೆ ಕೈ ಮುಗಿಯದ ನಾನು ಅವರ ಜಪಮಣಿಯನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣುಮುಚ್ಚಿ, ಯಾರು ಕೇಳಿಸಿಕೊಳ್ಳುತ್ತಿದ್ದರೋ ಅವರನ್ನು ಬೇಡಿಕೊಂಡೆ. ಆ ಹುಡುಗನ ಲಿವರ್ ಇವರಿಗೆ ಕೂರಲಿ. ಅವನ ತಾಯಿ ಏನಾದರೂ ಆಗಲಿ, ನನಗೆ ಇವರು ಬೇಕು.

ಹೊರಗೆ ಬಿಸಿಲು ಇಳಿಯುತ್ತಿದ್ದಾಗ ಡಾಕ್ಟರು ಮುಖದ ಮಾಸ್ಕ್ ಕೆಳಗೆ ಎಳೆದುಕೊಂಡು ಬಂದರು. ಹೊಸ ಲಿವರಿಗೆ ರಕ್ತ ಹರಿಯುತ್ತಿದೆ, ಪಿತ್ತ ಬರಲು ಶುರುವಾಗಿದೆ, ಇವರು ಬದುಕುತ್ತಾರೆ ಎಂದರು. ನಾನು ನೆಲದ ಮೇಲೇ ಕೂತೆ. ಅತ್ತೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅಳತೊಡಗಿದರು. ನಮ್ಮ ಕಡೆ ಸಾವಿನ ಮನೆಯಲ್ಲಿ ಅಳುವ ಹಾಗೆ, ಮೈಯೆಲ್ಲ ತೂಗುತ್ತ. ಕೋಣೆಯಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಎದುರು ಸಾಲಿನಿಂದ ಒಬ್ಬ ವಯಸ್ಸಾದ ಹೆಂಗಸು ಎದ್ದು ಬಂದು, ಅತ್ತೆಯ ಭುಜದ ಮೇಲೆ ಕೈಯಿಟ್ಟು, ನಿಮ್ಮ ಮಗ ಹೋದದ್ದಕ್ಕೆ ನನಗೆ ತುಂಬಾ ದುಃಖವಾಗಿದೆ ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಅಷ್ಟು ಇಂಗ್ಲಿಷ್ ಅತ್ತೆಗೆ ಅರ್ಥವಾಯಿತು. ಇಲ್ಲ, ನನ್ನ ಮಗ ಉಳಿದ ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. ತಲೆಯಾಡಿಸಿ, "ಥ್ಯಾಂಕ್ಯೂ" ಎಂದು ಆ ಹೆಂಗಸಿನ ಕೈಯನ್ನು ಹಿಡಿದುಕೊಂಡು ಇನ್ನಷ್ಟು ಅತ್ತರು.